ಪಾತ್ರದ ಶಕ್ತಿ, ಪಾತ್ರದ ಪ್ರೀತಿ: ಗಟ್ಟಿ ಫ್ಯಾನ್ ಥಿಯರಿ ಕಟ್ಟೋದು ಹೇಗೆ?

ಮೊದಲೇ ಹೇಳಿಬಿಡುತ್ತೇನೆ, ಇಲ್ಲಿ ಸ್ಪಾಯ್ಲರ್, ಅಂದರೆ ಕಥೆಯ ಗುಟ್ಟು ಬಿಚ್ಚುವ ಮಾತುಗಳು, ಜಾಸ್ತಿ ಇವೆ. ಹ್ಯಾರಿ ಪಾಟರ್‌ನ ಏಳೂ ಪುಸ್ತಕ, ಜಾರ್ಜ್ ಆರ್. ಆರ್. ಮಾರ್ಟಿನ್ ಅವರ 'ಎ ಸಾಂಗ್ ಆಫ್ ಐಸ್ ಅಂಡ್ ಫೈರ್' ಸರಣಿಯ ಐದು, ಬ್ರ್ಯಾಂಡನ್ ಸ್ಯಾಂಡರ್‌ಸನ್ ಅವರ 'ಮಿಸ್ಟ್‌ಬಾರ್ನ್'ನ ಮೊದಲ ಮೂರು. ಇವನ್ನು ಓದಬೇಕು ಅಂತ ಎತ್ತಿಟ್ಟುಕೊಂಡಿದ್ದರೆ ಮೊದಲು ಓದಿ ಮುಗಿಸಿ, ಆಮೇಲೆ ಬನ್ನಿ.

ಫ್ಯಾಂಟಸಿ ಓದುಗರ ನಡುವೆ ಎರಡು ಪ್ರಶ್ನೆಗಳ ಸುತ್ತಲೇ ವಾದ ಜಾಸ್ತಿ. ಈ ಪಾತ್ರಕ್ಕೆ ನಿಜವಾಗಿ ಯಾವ ಶಕ್ತಿ ಇದೆ? ಈ ಪಾತ್ರ ಕೊನೆಗೆ ಯಾರನ್ನು ಸೇರುತ್ತದೆ? ಪುಸ್ತಕದ ಸುಳಿವುಗಳಿಂದ ಓದುಗರು ಇದಕ್ಕೆ ಕಟ್ಟುವ ಊಹೆಯೇ ಫ್ಯಾನ್ ಥಿಯರಿ. ಹೆಚ್ಚಿನವರು ಇವೆರಡನ್ನೂ ಬೇರೆ ಬೇರೆ ಇಡುತ್ತಾರೆ. ಶಕ್ತಿಯ ಥಿಯರಿ ಕಟ್ಟುವವರಿಗೆ ಜೋಡಿಗಳ ಮಾತು ಬೇಡ, ಶಿಪ್ ಮಾಡುವವರು, ಅಂದರೆ ಇಷ್ಟದ ಪಾತ್ರಗಳನ್ನು ಜೋಡಿ ಮಾಡಿ ನೋಡುವವರು, ಮ್ಯಾಜಿಕ್‌ನ ನಿಯಮ ಬಂದ ಕಡೆ ಪುಟ ತಿರುಗಿಸಿಬಿಡುತ್ತಾರೆ. ಇದು ದೊಡ್ಡ ನಷ್ಟ ಅನ್ನೋದು ನನ್ನ ಅಭಿಪ್ರಾಯ. ಒಳ್ಳೆಯ ಫ್ಯಾಂಟಸಿಯಲ್ಲಿ ಪ್ರೀತಿ ಬಾಯಿಗೆ ಬರುವ ಮೊದಲು ಶಕ್ತಿಯಲ್ಲಿ ಕಾಣಿಸಿಕೊಳ್ಳುತ್ತದೆ. ಪಾತ್ರ ಮುಚ್ಚಿಟ್ಟಿದ್ದನ್ನು ಅದರ ಮ್ಯಾಜಿಕ್ ಹೇಳಿಬಿಡುತ್ತದೆ. ಹಾಗಾಗಿ ಎರಡನ್ನೂ ಒಟ್ಟಿಗೆ ಓದೋದನ್ನು ಕಲಿಯಬೇಕು.

ಶುರು ಮಾಡೋದು ಎಲ್ಲಿಂದ? ಹೊಂದದೇ ಇರುವ ಒಂದು ವಿವರದಿಂದ. "ಈ ಪಾತ್ರ ದೇವರ ಅವತಾರ ಇರಬಹುದು" ಅಂತ ದೊಡ್ಡ ಉತ್ತರ ಮೊದಲು ಇಟ್ಟುಕೊಂಡು ಆಮೇಲೆ ಸುಳಿವು ಹುಡುಕಲು ಹೊರಟರೆ ಏನು ಬೇಕಾದರೂ ಸಿಗುತ್ತದೆ. ಅದರ ಬದಲು ಪುಸ್ತಕವೇ ಹಾಕಿದ ನಿಯಮ ಎಲ್ಲಿ ಮುರಿದಿದೆ ನೋಡಿ. 2006ರಲ್ಲಿ ಬಂದ 'ಮಿಸ್ಟ್‌ಬಾರ್ನ್'ನ ಮೊದಲ ಪುಸ್ತಕದಲ್ಲಿ ಲೋಹ ನುಂಗಿ ಹೊಟ್ಟೆಯೊಳಗೆ ಉರಿಸಿದರೆ ಶಕ್ತಿ ಬರುತ್ತದೆ. ಕಂಚು ಉರಿಸುವವರು ಹತ್ತಿರದಲ್ಲಿ ಯಾರು ಶಕ್ತಿ ಬಳಸುತ್ತಿದ್ದಾರೆ ಅಂತ ಪತ್ತೆ ಹಚ್ಚಬಲ್ಲರು, ತಾಮ್ರ ಉರಿಸುವವರು ತಮ್ಮ ಸುತ್ತ ಅದಕ್ಕೆ ಮರೆ ಕಟ್ಟಬಲ್ಲರು. ಆ ಮರೆಯನ್ನು ದಾಟಿ ನೋಡಲು ಸಾಧ್ಯವೇ ಇಲ್ಲ ಅಂತ ಬಲ್ಲವರೆಲ್ಲ ಹೇಳುತ್ತಾರೆ. ಆದರೆ ವಿನ್ ಅನ್ನೋ ಹುಡುಗಿ ದಾಟಿ ನೋಡುತ್ತಾಳೆ. ಯಾಕೆ? ಅವಳು ಬಹಳ ಪ್ರತಿಭಾವಂತೆ, ಅದಕ್ಕೇ ಅಂತ ಅಂದುಕೊಂಡು ಮುಂದೆ ಹೋದವರೇ ಜಾಸ್ತಿ. ಅವಳ ಕಿವಿಯಲ್ಲಿ ತಾಯಿ ಚುಚ್ಚಿದ ಒಂದು ಓಲೆ ಇದೆ, ಲೇಖಕರು ಅದನ್ನು ಸುಮ್ನೆ ಅನ್ನೋ ಹಾಗೆ ಮತ್ತೆ ಮತ್ತೆ ತೋರಿಸುತ್ತಾರೆ. 2008ರ ಮೂರನೇ ಪುಸ್ತಕದಲ್ಲಿ ಗೊತ್ತಾಗುತ್ತದೆ, ಆ ಓಲೆ ಒಡವೆ ಅಲ್ಲ, ಇನ್ನೊಂದು ಜೀವದಿಂದ ಕಿತ್ತ ಶಕ್ತಿಯನ್ನು ಅವಳಿಗೆ ಸೇರಿಸಿದ ಮೊಳೆ.

ಇಲ್ಲಿ ನೀವು ಮಾಡಬೇಕಾದ ಕೆಲಸ ಇಷ್ಟು: ಒಂದು ಕಡೆ ನಿಯಮ ಬರೆಯಿರಿ, ಅದರ ಪಕ್ಕ ನಿಯಮ ಮುರಿದ ಜಾಗ ಬರೆಯಿರಿ, ಆಮೇಲೆ ಕಾರಣ ಇಲ್ಲದೆ ಪದೇ ಪದೇ ಕಾಣಿಸುವ ವಸ್ತುಗಳನ್ನು ಬರೆಯಿರಿ. ಈ ಮೂರೂ ಒಂದೇ ಪಾತ್ರದ ಹತ್ತಿರ ಸೇರಿದರೆ ಅಲ್ಲಿ ಅಗೆಯಬಹುದು.

ನಿಯಮ ಬರೆಯುವಾಗ ಒಂದು ಎಚ್ಚರಿಕೆ. ಅದನ್ನು ಹೇಳಿದವರು ಯಾರು? ಲೇಖಕರೋ, ಪಾತ್ರವೋ? ಮಾರ್ಟಿನ್ ಅವರ ಸರಣಿಯಲ್ಲಿ ಟಾರ್ಗೇರಿಯನ್ ವಂಶದವರನ್ನು ಬೆಂಕಿ ಸುಡುವುದಿಲ್ಲ ಅಂತ ಎಷ್ಟೋ ಜನ ನಂಬಿದ್ದಾರೆ. ಈ ನಂಬಿಕೆ ಬಂದದ್ದು ಎಲ್ಲಿಂದ? 1996ರ ಮೊದಲ ಪುಸ್ತಕದಲ್ಲಿ ವಿಸೇರಿಸ್ ತಲೆಯ ಮೇಲೆ ಕರಗಿದ ಚಿನ್ನ ಸುರಿದು ಅವನನ್ನು ಕೊಂದಾಗ, ಇವನು ಡ್ರ್ಯಾಗನ್ ಅಲ್ಲ, ಡ್ರ್ಯಾಗನ್ ಆಗಿದ್ದರೆ ಬೆಂಕಿ ಕೊಲ್ಲುತ್ತಿರಲಿಲ್ಲ ಅಂತ ಅವನ ತಂಗಿ ಡೆನೇರಿಸ್ ಅಂದುಕೊಳ್ಳುತ್ತಾಳೆ. ಪುಸ್ತಕದ ಕೊನೆಗೆ ಅವಳೇ ಗಂಡನ ಚಿತೆಯೊಳಗೆ ನಡೆದು ಹೋಗಿ ಮೂರು ಡ್ರ್ಯಾಗನ್ ಮರಿಗಳ ಜೊತೆ ಜೀವಂತ ಉಳಿಯುತ್ತಾಳೆ. ಇಷ್ಟರ ಮೇಲೆ ಓದುಗರು ನಿಯಮ ಕಟ್ಟಿಬಿಟ್ಟರು. ಆದರೆ ಅದೇ ವಂಶದ ಏರಿಯನ್ ಕಾಡ್ಗಿಚ್ಚಿನಂಥ ಹಸಿರು ಬೆಂಕಿದ್ರವ ಕುಡಿದು ಸತ್ತಿದ್ದಾನೆ, ರಾಜ ಐದನೇ ಏಗಾನ್ ಸಮ್ಮರ್‌ಹಾಲ್‌ನ ಬೆಂಕಿಯಲ್ಲಿ ಹೋಗಿದ್ದಾನೆ, ಐದನೇ ಪುಸ್ತಕದಲ್ಲಿ ಸ್ವತಃ ಡೆನೇರಿಸ್‌ಳ ಕೈಗಳಲ್ಲೇ ಬೊಬ್ಬೆ ಏಳುತ್ತವೆ. ಚಿತೆಯಲ್ಲಿ ನಡೆದದ್ದು ಒಂದೇ ಸಲದ ಪವಾಡ ಅಂತ ಮಾರ್ಟಿನ್ ಅವರೂ ಹೇಳಿದ್ದಾರೆ. ಸಾಮ್ರಾಜ್ಯ ಕಳೆದುಕೊಂಡ ಹುಡುಗಿಯೊಬ್ಬಳು ತನ್ನ ವಂಶದ ಬಗ್ಗೆ ಇಟ್ಟುಕೊಂಡ ಹೆಮ್ಮೆಯ ಮಾತು ಅದು. ಭೌತಶಾಸ್ತ್ರದ ನಿಯಮದ ಹಾಗೆ ಎತ್ತಿಕೊಳ್ಳಬಾರದು.

ಇದು ಇಷ್ಟು ಮುಖ್ಯ ಯಾಕೆ ಅಂದ್ರೆ, ಈ ಸುಳ್ಳು ನಿಯಮ ಒಂದು ಒಳ್ಳೆಯ ಥಿಯರಿಗೇ ಅಡ್ಡ ಬಂದಿತ್ತು. ಸ್ಟಾರ್ಕ್ ಮನೆಯಲ್ಲಿ ಬೆಳೆದ ಜಾನ್ ಸ್ನೋ ನಿಜಕ್ಕೂ ಟಾರ್ಗೇರಿಯನ್ ಅಂದರೆ, "ಮೊದಲ ಪುಸ್ತಕದಲ್ಲೇ ಉರಿಯುವ ವಸ್ತು ಎಸೆಯುವಾಗ ಅವನ ಕೈ ಸುಟ್ಟಿತ್ತಲ್ಲ, ಹಾಗಾದರೆ ಹೇಗೆ?" ಅಂತ ಕೇಳುವವರಿದ್ದರು. ನಿಯಮವೇ ಇಲ್ಲದ ಮೇಲೆ ಸುಟ್ಟ ಕೈ ಯಾವುದನ್ನೂ ಸುಳ್ಳಾಗಿಸೋದಿಲ್ಲ.

ಈಗ ಪ್ರೀತಿಯ ಕಡೆ ಬರೋಣ, ಅದೂ ಶಕ್ತಿಯ ಬಾಗಿಲಿಂದಲೇ. 2005ರಲ್ಲಿ ಬಂದ ಆರನೇ ಹ್ಯಾರಿ ಪಾಟರ್ ಪುಸ್ತಕ ಇದಕ್ಕೆ ಪಾಠ ಇದ್ದ ಹಾಗೆ. ಟಾಂಕ್ಸ್ ಅನ್ನೋ ಯುವತಿ ಹುಟ್ಟಿನಿಂದಲೇ ತನ್ನ ರೂಪ, ಕೂದಲ ಬಣ್ಣ ಬೇಕಾದ ಹಾಗೆ ಬದಲಿಸಬಲ್ಲವಳು. ಈ ಪುಸ್ತಕದಲ್ಲಿ ಅವಳ ಕೂದಲು ಮಂಕಾಗಿದೆ, ಗುಲಾಬಿ ಬಣ್ಣ ತರಲು ಆಗುತ್ತಿಲ್ಲ. ಅವಳ ಪೇಟ್ರೋನಸ್, ಅಂದರೆ ಕಾವಲಿಗೆ ಬರುವ ಬೆಳ್ಳಿ ಬೆಳಕಿನ ಪ್ರಾಣಿ, ಈಗ ನಾಲ್ಕು ಕಾಲಿನ ಬೇರೆ ಯಾವುದೋ ರೂಪಕ್ಕೆ ತಿರುಗಿದೆ. ಹ್ಯಾರಿ ಒಂದು ಥಿಯರಿ ಕಟ್ಟುತ್ತಾನೆ: ಅವಳು ತೀರಿಹೋದ ಸಿರಿಯಸ್‌ನನ್ನು ಪ್ರೀತಿಸುತ್ತಿದ್ದಳು, ಆ ಪ್ರಾಣಿ ಅವನು ತಾಳುತ್ತಿದ್ದ ಕಪ್ಪು ನಾಯಿಯ ರೂಪ. ಕೆಟ್ಟ ಥಿಯರಿ ಏನೂ ಅಲ್ಲ. ಆದರೆ ನಾಲ್ಕು ಕಾಲಿನ ದೊಡ್ಡ ಪ್ರಾಣಿ ಅಂದರೆ ತೋಳವೂ ಆಗಬಹುದು, ಅಲ್ವಾ? ಎರಡಕ್ಕೂ ಹೊಂದುವ ಸುಳಿವು ಯಾವುದನ್ನೂ ಸಾಬೀತು ಮಾಡೋದಿಲ್ಲ. ಇವೆರಡನ್ನು ಬೇರೆ ಮಾಡುವ ಸುಳಿವು ಪುಸ್ತಕದ ಶುರುವಿನಲ್ಲೇ ಇದೆ. ಹ್ಯಾರಿಯ ಗೆಳೆಯ ರಾನ್‌ನ ತಾಯಿ ಮಿಸೆಸ್ ವೀಸ್ಲಿ ಅವಳನ್ನು ಊಟಕ್ಕೆ ಕರೆಯುತ್ತಾ ಲೂಪಿನ್ ಕೂಡ ಬರುತ್ತಾನೆ ಅಂತ ಸೇರಿಸುತ್ತಾರೆ, ಅವಳು ಒಲ್ಲೆ ಅಂತ ಹೊರಟುಬಿಡುತ್ತಾಳೆ. ಸತ್ತವನಿಗಾಗಿ ಅಳುವವಳಿಗೆ ಅವನ ಹಳೆಯ ಗೆಳೆಯನನ್ನು ಕಂಡರೆ ಓಡಿಹೋಗುವ ಕಾರಣ ಇಲ್ಲ. ತೋಳಮನುಷ್ಯ ಲೂಪಿನ್‌ನೇ ಅವಳು ಪ್ರೀತಿಸಿದವನು ಅಂತ ಕೊನೆಗೆ ಬಯಲಾಗುತ್ತದೆ.

ಅದೇ ಪುಸ್ತಕದಲ್ಲಿ ಮೆರೋಪಿ ಅನ್ನೋ ಇನ್ನೊಬ್ಬಳು ಇದ್ದಾಳೆ. ಗಂಡ ಬಿಟ್ಟುಹೋದ ಮೇಲೆ ಅವಳು ಮ್ಯಾಜಿಕ್ ಬಳಸುವುದನ್ನೇ ಬಿಡುತ್ತಾಳೆ, ಒಲ್ಲದ ಪ್ರೀತಿ ಅವಳ ಶಕ್ತಿಯನ್ನೇ ಹೀರಿರಬಹುದು ಅಂತ ಶಾಲೆಯ ಹೆಡ್‌ಮಾಸ್ಟರ್ ಡಂಬಲ್‌ಡೋರ್ ಹೇಳುತ್ತಾರೆ. ಒಂದೇ ಪುಸ್ತಕದಲ್ಲಿ ಲೇಖಕಿ ರೌಲಿಂಗ್ ಈ ವಿಷಯವನ್ನು ಎರಡು ಸಲ ಇಟ್ಟಿದ್ದಾರೆ ಅಂದರೆ ನಮಗೆ ಓದೋದನ್ನು ಹೇಳಿಕೊಡುತ್ತಿದ್ದಾರೆ ಅಂತಲೇ ಅರ್ಥ. ಪ್ರೀತಿ ಬದಲಾದರೆ ಪೇಟ್ರೋನಸ್ ಬದಲಾಗುತ್ತದೆ ಅನ್ನೋ ನಿಯಮ ಕಲಿತವರು 2007ರ ಏಳನೇ ಪುಸ್ತಕದಲ್ಲಿ ಕಾಡಿನ ಹಿಮದ ನಡುವೆ ಬೆಳ್ಳಿಯ ಹೆಣ್ಣುಜಿಂಕೆ ಬಂದಾಗ ಪುಸ್ತಕ ಕೆಳಗಿಟ್ಟು ಯೋಚಿಸಬಹುದಿತ್ತು. ಹ್ಯಾರಿಯ ತಂದೆಯದು ಗಂಡುಜಿಂಕೆ. ಹಾಗಾದರೆ ಹೆಣ್ಣುಜಿಂಕೆ ಅವನ ತಾಯಿ ಲಿಲಿಯ ಕಡೆಗೆ ಬೊಟ್ಟು ಮಾಡುತ್ತದೆ. ಲಿಲಿಯನ್ನು ಇಷ್ಟು ವರ್ಷ ಮನಸ್ಸಿನಲ್ಲಿ ಇಟ್ಟುಕೊಂಡವನು ಯಾರು? 2003ರ ಐದನೇ ಪುಸ್ತಕದಲ್ಲಿ ದೊಡ್ಡಮ್ಮ ಪೆಟೂನಿಯಾ ಬಾಯಿ ತಪ್ಪಿ, "ಆ ಹಾಳು ಹುಡುಗ" ತನ್ನ ತಂಗಿಗೆ ಡಿಮೆಂಟರ್‌ಗಳ, ಅಂದರೆ ಮನಸ್ಸಿನ ಸಂತೋಷ ಹೀರುವ ಜೀವಿಗಳ, ಬಗ್ಗೆ ಹೇಳಿದ್ದನ್ನು ಕೇಳಿದ್ದೆ ಅನ್ನುತ್ತಾರೆ. ಅದು ತನ್ನ ಅಪ್ಪ ಅಂತ ಹ್ಯಾರಿ ತಾನಾಗಿ ಅಂದುಕೊಳ್ಳುತ್ತಾನೆ, ನಾವೂ ಅವನ ಹಿಂದೆ ಹೋಗುತ್ತೇವೆ. ಪೆಟೂನಿಯಾ ಹೆಸರೇ ಹೇಳಿರಲಿಲ್ಲ. ಆ ಹುಡುಗ ಸ್ನೇಪ್, ಶಾಲೆಯಲ್ಲಿ ಹ್ಯಾರಿಯ ಮೇಷ್ಟ್ರು.

ಹಾಗಾಗಿ ಇನ್ನೊಂದು ಅಭ್ಯಾಸ ಮಾಡಿಕೊಳ್ಳಿ. ಪುಸ್ತಕದಲ್ಲಿ ಇರುವ ಮಾತು ಯಾವುದು, ಪಾತ್ರ ಊಹಿಸಿದ್ದು ಯಾವುದು, ನೀವು ಊಹಿಸಿದ್ದು ಯಾವುದು ಅಂತ ಬೇರೆ ಬೇರೆ ಬರೆದುಕೊಳ್ಳಿ. ಈ ಒಂದು ಕೆಲಸದಿಂದಲೇ ಅರ್ಧ ಗೊಂದಲ ಹೋಗುತ್ತದೆ.

ಪಟ್ಟಿಗಳನ್ನು ಬಿಡದೆ ಓದಿ. ಮನೆ ಗುಡಿಸುವುದು, ಕಪಾಟು ಖಾಲಿ ಮಾಡುವುದು, ಊಟದ ಬಣ್ಣನೆ, ಇವೆಲ್ಲ ಲೇಖಕರು ವಸ್ತು ಬಚ್ಚಿಡುವ ಜಾಗಗಳು. ಆರನೇ ಪುಸ್ತಕದ ಕೊನೆಗೆ ನಕಲಿ ಲಾಕೆಟ್‌ನಲ್ಲಿ ಆರ್.ಎ.ಬಿ. ಅಂತ ಸಹಿ ಇರುವ ಚೀಟಿ ಸಿಗುತ್ತದೆ. ಓದುಗರು ಐದನೇ ಪುಸ್ತಕಕ್ಕೆ ಹಿಂದಿರುಗಿದರು, ಬ್ಲ್ಯಾಕ್ ಮನೆತನದ ಮನೆಯನ್ನು ಸ್ವಚ್ಛ ಮಾಡುವ ಅಧ್ಯಾಯದಲ್ಲಿ ಹಾಳುಮೂಳು ಸಾಮಾನಿನ ನಡುವೆ ಯಾರಿಗೂ ತೆರೆಯಲಾಗದ ಭಾರದ ಲಾಕೆಟ್ ಒಂದು ಕೂತಿತ್ತು. ಸಿರಿಯಸ್‌ನ ತಮ್ಮ ರೆಗ್ಯುಲಸ್ ಬ್ಲ್ಯಾಕ್ ಅದೇ ಮನೆಯವನು, ಖಳನಾಯಕ ವೋಲ್ಡೆಮಾರ್ಟ್ ಕಡೆ ಸೇರಿ ಆಮೇಲೆ ಹಿಂಜರಿದು ಸತ್ತವನು. ಆರ್, ಬಿ ಎರಡೂ ಹೊಂದುತ್ತವೆ. ಇದಕ್ಕೆ ಬೇರೆ ದೇಶಗಳ ಓದುಗರು ಕೊಟ್ಟ ಪುರಾವೆ ನನಗೆ ಬಹಳ ಇಷ್ಟ: ಡಚ್ ಅನುವಾದದಲ್ಲಿ ಬ್ಲ್ಯಾಕ್ ಮನೆತನದ ಹೆಸರು ಜ್ವಾರ್ಟ್ಸ್, ಅಲ್ಲಿ ಚೀಟಿಯ ಕೊನೆಯ ಅಕ್ಷರ ಜೆಡ್ ಆಗಿತ್ತು. ನಾರ್ವೆಯ ಅನುವಾದದಲ್ಲಿ ಸ್ವಾರ್ಟ್, ಅಲ್ಲಿ ಎಸ್. ಸಹಿ ಮಾಡಿದವನು ಬ್ಲ್ಯಾಕ್ ಅಲ್ಲದೆ ಬೇರೆ ಯಾರೂ ಆಗಲು ಸಾಧ್ಯವಿರಲಿಲ್ಲ. ಎರಡು ವರ್ಷದ ನಂತರ ಏಳನೇ ಪುಸ್ತಕ ಅದನ್ನೇ ಹೇಳಿತು.

ಈ ಪುರಾವೆಯ ಬಲ ಎಲ್ಲಿದೆ ಗಮನಿಸಿ. ಲಾಕೆಟ್ ಒಂದು ದಾರಿಯಿಂದ ಬಂತು, ಹೆಸರು ಇನ್ನೊಂದು ದಾರಿಯಿಂದ, ಅನುವಾದ ಮೂರನೇ ದಾರಿಯಿಂದ. ಒಂದೇ ದೃಶ್ಯದ ಹತ್ತು ಸುಳಿವಿಗಿಂತ ಒಂದಕ್ಕೊಂದು ಸಂಬಂಧವಿಲ್ಲದ ಮೂರು ಸುಳಿವು ಹೆಚ್ಚು ಭಾರ ತೂಗುತ್ತವೆ. ಜಾನ್ ಸ್ನೋ ಹುಟ್ಟಿನ ಥಿಯರಿ, "ಆರ್ ಪ್ಲಸ್ ಎಲ್ ಈಕ್ವಲ್ಸ್ ಜೆ" (ರಾಜಕುಮಾರ ರೇಗರ್ ಟಾರ್ಗೇರಿಯನ್ ಮತ್ತು ಲಿಯಾನಾ ಸ್ಟಾರ್ಕ್ ಅವರ ಮಗ ಜಾನ್) ಅಂತ ಪ್ರಸಿದ್ಧವಾದದ್ದು, ನಿಂತಿದ್ದೂ ಹೀಗೆಯೇ. ಕರ್ಣನ ಕಥೆ ಕೇಳಿ ಬೆಳೆದ ನಮಗೆ ಬಚ್ಚಿಟ್ಟ ಹುಟ್ಟಿನ ವಾಸನೆ ಬೇಗ ಬಡಿಯುತ್ತದೆ ನಿಜ, ಆದರೆ ವಾಸನೆ ಬಡಿದರೆ ಸಾಲದು. ನೀಲಿ ಗುಲಾಬಿಯ ಜಾಡು ಹಿಡಿಯಿರಿ. ರೇಗರ್ ತನ್ನ ಹೆಂಡತಿಯನ್ನು ದಾಟಿ ಹೋಗಿ ಲಿಯಾನಾಳಿಗೆ ನೀಲಿ ಗುಲಾಬಿಯ ಕಿರೀಟ ಕೊಟ್ಟದ್ದು ಅವಳ ಅಣ್ಣ ನೆಡ್‌ನ ನೆನಪಿನಲ್ಲಿ ಬರುತ್ತದೆ. ಎರಡನೇ ಪುಸ್ತಕದಲ್ಲಿ, ಜಾನ್ ಮುಂದೆ ಪ್ರೀತಿಸುವ ಇಗ್ರಿಟ್ ಅವನಿಗೆ ಹೇಳುವ ಹಳೆಯ ಕಥೆಯಲ್ಲಿ, ಸ್ಟಾರ್ಕ್ ಮನೆಯ ಮಗಳನ್ನು ಕದ್ದೊಯ್ದ ಹಾಡುಗಾರ ಅವಳ ಹಾಸಿಗೆಯ ಮೇಲೆ ನೀಲಿ ಗುಲಾಬಿ ಬಿಟ್ಟು ಹೋಗುತ್ತಾನೆ, ಅವಳಿಗೆ ಅವನಿಂದ ಮಗು ಹುಟ್ಟುತ್ತದೆ. ಅದೇ ಪುಸ್ತಕದಲ್ಲಿ ಸಮುದ್ರದಾಚೆ ಇರುವ ಡೆನೇರಿಸ್ ಹಿಮದ ಗೋಡೆಯ ಬಿರುಕಿನಲ್ಲಿ ನೀಲಿ ಹೂ ಅರಳಿದ್ದನ್ನು ಕನಸಿನಂಥ ದರ್ಶನದಲ್ಲಿ ಕಾಣುತ್ತಾಳೆ, ಜಾನ್ ಕಾವಲಿಗಿರುವುದೂ ಹಿಮದ ಗೋಡೆಯ ಮೇಲೆಯೇ. ಈ ಮೂವರಲ್ಲಿ ಒಬ್ಬರಿಗೆ ಗೊತ್ತಿದ್ದದ್ದು ಇನ್ನೊಬ್ಬರಿಗೆ ಗೊತ್ತಿಲ್ಲ. ಇದಕ್ಕೆ ಇನ್ನೊಂದು ಪ್ರಶ್ನೆ ಸೇರಿಸಿ: ರಾಜ ಸತ್ತ ಮೇಲೂ ರಾಜನ ಮೂವರು ಕಾವಲು ವೀರರು, ಬದುಕಿರುವ ರಾಜಕುಮಾರನ ಹತ್ತಿರ ಹೋಗದೆ, ಲಿಯಾನಾ ಮಲಗಿದ್ದ ಗೋಪುರವನ್ನು ಪ್ರಾಣ ಕೊಟ್ಟು ಕಾದರು, ಯಾಕೆ? 1997ರಲ್ಲೇ ಓದುಗರು ಇದನ್ನು ಬಿಡಿಸಿದ್ದರು. ಟಿವಿ ಸರಣಿ ಒಪ್ಪಿಕೊಂಡದ್ದು 2016ರಲ್ಲಿ.

ಆಸೆ ಮತ್ತು ಥಿಯರಿ ಬೇರೆ ಅನ್ನೋದನ್ನು ಶಿಪ್ ಮಾಡುವವರು ಮರೆಯಬಾರದು. "ಇವರು ಒಂದಾಗಬೇಕು" ಅನ್ನಲು ಪುರಾವೆ ಬೇಡ, ಅದು ನಿಮ್ಮ ಹಕ್ಕು. "ಒಂದಾಗುತ್ತಾರೆ" ಅಂದರೆ ಬೇಕು. ಆರನೇ ಪುಸ್ತಕದ ಪ್ರೇಮದ ಮದ್ದು ಪ್ರತಿಯೊಬ್ಬರಿಗೂ ಅವರವರ ಇಷ್ಟದ ಪರಿಮಳ ಕೊಡುತ್ತದೆ. ಹ್ಯಾರಿಗೆ ಬಂದದ್ದು ವೀಸ್ಲಿ ಮನೆಯಲ್ಲಿ ಎಲ್ಲೋ ಕಂಡ ಹೂವಿನ ಪರಿಮಳ, ಅಂದರೆ ರಾನ್‌ನ ತಂಗಿ ಜಿನ್ನಿಯದು. ಅವನ ಗೆಳತಿ ಹರ್ಮಯನಿ ತನ್ನ ಪಟ್ಟಿಯ ಕೊನೆಯದನ್ನು ಹೇಳದೆ ಕೆಂಪಾದಳು. ಹ್ಯಾರಿ ಮತ್ತು ಹರ್ಮಯನಿ ಜೋಡಿ ಬೇಕು ಅಂದವರು ಅವರಿಬ್ಬರ ಗೆಳೆತನದ ದೃಶ್ಯಗಳನ್ನೆಲ್ಲ ಒಟ್ಟು ಮಾಡಿದರು, ಈ ಮದ್ದಿನ ಬಾಣಲೆಯೊಂದನ್ನು ದಾಟಿ ಹೋದರು. 2014ರಲ್ಲಿ ರೌಲಿಂಗ್ ಅವರು ರಾನ್ ಮತ್ತು ಹರ್ಮಯನಿಯ ಜೋಡಿಯ ಬಗ್ಗೆ ತಮಗೇ ಅನುಮಾನ ಇದೆ ಅನ್ನೋ ಹಾಗೆ ಮಾತಾಡಿದಾಗ ಅವರಿಗೆ ಸಂತೋಷ ಆಯಿತು, ಆಗಲಿ. ಆದರೆ ಪುಸ್ತಕದೊಳಗೆ ಏನಿದೆ ಅನ್ನೋದು ಒಂದು ಸಂದರ್ಶನದಿಂದ ಬದಲಾಗೋದಿಲ್ಲ. ನಾನು ಪುಟಕ್ಕೆ ಮೊದಲ ಜಾಗ ಕೊಡುತ್ತೇನೆ, ಲೇಖಕರ ಮಾತಿಗೆ ಎರಡನೆಯದು. ಬರೆದು ಮುಗಿಯದ ಸರಣಿಯಾದರೆ ಮಾತ್ರ ಲೇಖಕರ ಮಾತಿಗೆ ಬೆಲೆ ಹೆಚ್ಚು. ಡಂಬಲ್‌ಡೋರ್ ಸತ್ತಿಲ್ಲ ಅಂತ ಬಹಳ ಜನ ಶ್ರದ್ಧೆಯಿಂದ ಪುರಾವೆ ಜೋಡಿಸುತ್ತಿದ್ದರು, 2006ರ ಆಗಸ್ಟ್‌ನಲ್ಲಿ ನ್ಯೂಯಾರ್ಕ್‌ನ ವೇದಿಕೆಯ ಮೇಲೆ ರೌಲಿಂಗ್ ಅವರೇ ಅವರು ಖಂಡಿತ ಸತ್ತಿದ್ದಾರೆ ಅಂದರು. ಅಲ್ಲಿಗೆ ಮುಗಿಯಿತು.

ಥಿಯರಿ ಬರೆಯುವಾಗ ಮೊದಲ ಸಾಲಿನಲ್ಲೇ ನಿಮ್ಮ ಮಾತನ್ನು ಒಂದು ವಾಕ್ಯದಲ್ಲಿ ಹೇಳಿ. ಸುಳಿವುಗಳಿಗೆ ಪುಟದ ಸಂಖ್ಯೆ ಬೇಡ, ಒಂದೊಂದು ಮುದ್ರಣದಲ್ಲಿ ಒಂದೊಂದು ಇರುತ್ತದೆ, ಅಧ್ಯಾಯದ ಹೆಸರು ಕೊಡಿ. ಎದುರು ಪಕ್ಷದವರ ಅತಿ ಗಟ್ಟಿ ವಾದವನ್ನು ನೀವೇ ಬರೆಯಿರಿ. ಕೊನೆಗೆ, ಮುಂದಿನ ಪುಸ್ತಕದಲ್ಲಿ ಏನು ನಡೆದರೆ ನನ್ನ ಥಿಯರಿ ಬಿದ್ದುಹೋಗುತ್ತದೆ ಅಂತ ಸ್ಪಷ್ಟವಾಗಿ ಹಾಕಿ. ಆ ಸಾಲು ಬರೆಯಲು ಆಗದಿದ್ದರೆ ನಿಮ್ಮ ಕೈಯಲ್ಲಿ ಇರುವುದು ಇನ್ನೂ ಆಸೆಯೇ.

ಕೈ ಪಳಗಿಸಿಕೊಳ್ಳಲು ಒಂದು ಕೆಲಸ ಕೊಡುತ್ತೇನೆ, ಇದಕ್ಕೆ ಪುಸ್ತಕದಲ್ಲಿ ಇನ್ನೂ ಉತ್ತರ ಬಂದಿಲ್ಲ. 2011ರ 'ಎ ಡ್ಯಾನ್ಸ್ ವಿತ್ ಡ್ರ್ಯಾಗನ್ಸ್'ನ ಮೊದಲ ಅಧ್ಯಾಯ ವಾರಾಮಿರ್ ಅನ್ನೋನದು. ಪ್ರಾಣಿಯ ಮೈಯೊಳಗೆ ಹೊಕ್ಕಬಲ್ಲ ಮನುಷ್ಯ ಸತ್ತರೆ ಏನಾಗುತ್ತದೆ, ಆ ಎರಡನೇ ಬದುಕಿನಲ್ಲಿ ಅವನ ನೆನಪು ಹೇಗೆ ನಿಧಾನಕ್ಕೆ ಕರಗುತ್ತದೆ ಅಂತ ಅಲ್ಲಿ ವಿವರವಾಗಿ ಇದೆ. ಅದೇ ಪುಸ್ತಕದ ಕೊನೆಯ ಕಡೆ ಜಾನ್‌ಗೆ ಚೂರಿ ಬೀಳುತ್ತದೆ, ಅವನ ಬಾಯಿಂದ ಬರುವ ಕೊನೆಯ ಮಾತು ಅವನ ತೋಳದ ಹೆಸರು. ಎರಡೂ ಅಧ್ಯಾಯ ಪಕ್ಕಪಕ್ಕ ಇಟ್ಟುಕೊಂಡು ಓದಿ. ಜಾನ್ ಹಿಂದಿರುಗಿದರೆ ಅವನಲ್ಲಿ ಏನು ಕಡಿಮೆಯಾಗಿರುತ್ತದೆ, ಇಗ್ರಿಟ್‌ಳ ನೆನಪು ಅದರಲ್ಲಿ ಉಳಿದಿರುತ್ತದೆಯೇ, ಇದನ್ನು ಒಂದು ವಾಕ್ಯದಲ್ಲಿ ಬರೆದು ಅದರ ಕೆಳಗೆ ಅದನ್ನು ಸುಳ್ಳಾಗಿಸುವ ಸಾಲನ್ನೂ ಬರೆದಿಡಿ.