ಪೋಲಿಷ್ ಕಸುಬುದಾರರನ್ನು 'ಅನ್ನು' ಹಚ್ಚಿ ಹಿಡಿದೆ

ಪೋಲಿಷ್ ಪದಗಳನ್ನು ಬಾಲದಿಂದ, ಅಂದರೆ ಕೊನೆಯ ಅಕ್ಷರಗಳ ಪ್ರಕಾರ, ಜೋಡಿಸಿದರೆ ಕಸುಬಿನವರೆಲ್ಲ ತಾವಾಗಿಯೇ ಸಾಲು ನಿಲ್ಲುತ್ತಾರೆ ಅಂದುಕೊಂಡಿದ್ದೆ. ಲಿಂಡೆಯ ಹಳೆಯ ಪೋಲಿಷ್ ನಿಘಂಟಿನ (ವಾರ್ಸಾ, 1807–1814) ಆರು ಸಂಪುಟಗಳಿಂದ ಸುಮಾರು 4,000 ಪದ ಆರಿಸಿ ಟೈಪ್ ಮಾಡಿಸಿದೆ. 600 ಝ್ಲೋಟಿಯೋ (ಪೋಲೆಂಡಿನ ಹಣ) 700 ಝ್ಲೋಟಿಯೋ ಹೋಯಿತು.

ಸಿಕ್ಕಿದ್ದು ಸಂತೆ. '-ಆಶ್' ಕೆಳಗೆ ಬ್ರೆಡ್ ಸುಡುವ ಪ್ಯೆಕಾಶ್ ಇದ್ದ. ಅವನ ಪಕ್ಕದಲ್ಲೇ ಕಲೆಂದಾಶ್, ಅಂದರೆ ಕ್ಯಾಲೆಂಡರ್. ಅದರ ಕೆಳಗೆ ಟ್ಸ್ಮೆಂಟಾಶ್, ಸ್ಮಶಾನ! '-ಯೆಟ್ಸ್' ಕೆಳಗೆ ದರ್ಜಿ ಕ್ರಾವ್ಯೆಟ್ಸ್, ವ್ಯಾಪಾರಿ ಕುಪ್ಯೆಟ್ಸ್ ಬಂದರು. ಚಪ್ಪಲಿ ಹೊಲಿಯುವ ಶೆಫ್ಟ್ಸ್ ಮಾತ್ರ ನಾಪತ್ತೆ.

ದಾರಿ ತೋರಿಸಿದ್ದು ನಮ್ಮ ಕನ್ನಡವೇ. ನಾವು 'ಬಳೆ ನೋಡಿದೆ' ಅಂತೀವಿ, ಆದರೆ 'ಬಳೆಗಾರನನ್ನು ನೋಡಿದೆ' ಅನ್ನಲೇಬೇಕು. ಪೋಲಿಷ್ ಗಂಡು ಪದಗಳಲ್ಲೂ ಇದೇ ಆಟ. 'ನೋಡ್ತಿದ್ದೀನಿ' ಅನ್ನೋಕೆ ವಿದ್ಝೆ. ವಿದ್ಝೆ ಕಲೆಂದಾಶ್ ಅಂದರೆ ಪದ ಹಾಗೇ ಉಳಿಯುತ್ತದೆ. ಮನುಷ್ಯನಾದರೆ ವಿದ್ಝೆ ಪ್ಯೆಕಾಝಾ. ಹಾಗಾಗಿ ಪಟ್ಟಿಯನ್ನೆಲ್ಲ ದ್ವಿತೀಯಾ ವಿಭಕ್ತಿಗೆ ತಿರುಗಿಸಿ ಮತ್ತೆ ಜೋಡಿಸೋಣ ಅಂದೆ. ನಿಘಂಟಿನಲ್ಲಿ ಇರೋದೇ ಪ್ರಥಮಾ ರೂಪ, ಇದು ಹುಚ್ಚು ಕೆಲಸ ಅಂತ ಜೊತೆಯವರು ನಕ್ಕರು.

ಮೂರು ತಿಂಗಳು ಕೈಯಲ್ಲೇ ಬರೆದೆ. ಸ್ಮಶಾನ, ಕ್ಯಾಲೆಂಡರ್ ಎಲ್ಲ ಉದುರಿದವು. ಶೆಫ್ಟ್ಸ್ ಕೂಡ ಸಿಕ್ಕಿಬಿದ್ದ: ಕ್ರಾಫ್ಟ್ಸಾ, ಕುಪ್ಟ್ಸಾ, ಶೆಫ್ಟ್ಸಾ ಒಂದೇ ಸಾಲಲ್ಲಿ! ಅವನ ಹಳೆಯ ಹೆಸರು ಶ್ಫ್ಯೆಟ್ಸ್. ಜನ ಶೆಫ್ಟ್ಸಾದ ಬಾಲ ಕತ್ತರಿಸಿ ಹೊಸ ಪ್ರಥಮಾ ರೂಪ ಮಾಡಿಕೊಂಡರು, ಅದಕ್ಕೇ ಅವನು ನನ್ನ ಹಳೆಯ ಪಟ್ಟಿಯಿಂದ ತಪ್ಪಿಸಿಕೊಂಡಿದ್ದು. ಕೊನೆಗೆ ಸುಮಾರು 900 ಮನುಷ್ಯರು ಉಳಿದರು. ಪ್ರಾಣಿಗಳೂ ಇದೇ ಬಲೆಗೆ ಬೀಳುತ್ತವೆ. ಅವನ್ನು ಹೇಗೆ ಸೋಸಿದೆ ಅನ್ನೋದು ಸದ್ಯಕ್ಕೆ ನನ್ನ ಹತ್ತಿರವೇ ಇರಲಿ.

ಮಧ್ಯೆ ಒಂದು ಭಾನುವಾರ ಪೋಲೆಂಡಿನ ವ್ರೊಟ್ಸ್ವಾಫ್ ನಗರದ ಉತ್ತರಕ್ಕೆ ಸುಮ್ನೆ ಸುತ್ತಾಡಿ ಬಂದೆ. ಅಲ್ಲಿ ಶೆಫ್ಟ್ಸೆ ಅನ್ನೋ ಹಳ್ಳಿಯಿದೆ, ಚಮ್ಮಾರರ ಊರು. ಪ್ಸಾರಿ ಅಂತ ಇನ್ನೊಂದು, ದೊರೆಯ ಬೇಟೆನಾಯಿ ಸಾಕುವವರದ್ದು. ಇವತ್ತು ಚಮ್ಮಾರರಿಗೆ ಶೆಫ್ಟ್ಸಿ ಅಂತಾರೆ. ಹಳೆಯ ಬಹುವಚನ ಊರಿನ ಬೋರ್ಡಿನ ಮೇಲೆ ಉಳಿದುಕೊಂಡಿದೆ. '-ಆಶ್' ಬಾಲ ಬಂದದ್ದು ಲ್ಯಾಟಿನ್‌ನಿಂದ, ಆದರೆ ಪ್ಯೆಕಾಶ್‌ನ ಬೇರು ಮನೆಯದ್ದೇ. ನಮ್ಮ ಪಾಲುದಾರ ಇಲ್ವಾ, ಪಾಲು ನಮ್ಮದು, ದಾರ ಪಾರ್ಸಿ, ಹಾಗೆ.

ತೀರಾ ಹಳೆಯ ಪೋಲಿಷ್‌ಗೆ ಈ ಬಲೆ ಸಾಲದು. ಆ ಕಾಲದ ಉಳಿಕೆಯಾಗಿ, ಹೆಣ್ಣು ಮದುವೆಯಾದಳು ಅನ್ನಲು ಈಗಲೂ 'ಝಾ ಮೊಂಶ್' ಅಂತಾರೆ. ಮೊಂಶ್ ಅಂದರೆ ಗಂಡ, ಆದರೆ ಅಲ್ಲಿ ಅವನಿಗೆ 'ಅನ್ನು' ಇಲ್ಲ, ಕ್ಯಾಲೆಂಡರಿನ ಹಾಗೇ ನಿಂತಿದ್ದಾನೆ. ಹೆಣ್ಣು ಹೆಸರುಗಳಲ್ಲಂತೂ ಪೂರ್ತಿ ಸೋತೆ. ಅಲ್ಲಿ ಹೆಂಗಸಿಗೂ ವಸ್ತುವಿಗೂ ವಿಭಕ್ತಿ ಒಂದೇ. ದ್ರುಕಾಶ್ ಅಂದರೆ ಅಚ್ಚು ಹಾಕುವವ, ದ್ರುಕಾರ್ಕಾ ಅಂದರೆ ಈಗ ಮೇಜಿನ ಮೇಲಿರೋ ಪ್ರಿಂಟರ್. ಅಂಥ 300 ಚೀಟಿ ಇನ್ನೂ ಶೂ ಡಬ್ಬಿಯಲ್ಲೇ ಬಿದ್ದಿವೆ.