ಮರುಮಾರಾಟದ ಟೈಮ್‌ಶೇರ್: ನಂಬಬಹುದಾದ ಬ್ರೋಕರನ್ನು ಗುರುತಿಸುವುದು ಹೇಗೆ

ತುಮಕೂರಿನಲ್ಲಿ ನಿವೇಶನ ಕೊಳ್ಳಲು ಹೊರಟವರು ಮೊದಲು ಕೇಳುವುದು ಇ.ಸಿ. (ಋಣಭಾರ ಪ್ರಮಾಣಪತ್ರ), ಖಾತೆ ಮತ್ತು ಭೂಪರಿವರ್ತನೆಯ ಆದೇಶವನ್ನು. ಬ್ರೋಕರ್ ಏನೇ ಹೇಳಿದರೂ ಸಬ್ ರಿಜಿಸ್ಟ್ರಾರ್ ಕಚೇರಿಯ ದಾಖಲೆಯ ಮುಂದೆ ಆ ಮಾತನ್ನು ಒರೆಗೆ ಹಚ್ಚಬಹುದು. ರೆಸಾರ್ಟ್ ಟೈಮ್‌ಶೇರ್ ವಿಷಯದಲ್ಲಿ ಸಾಮಾನ್ಯವಾಗಿ ಈ ಆಸರೆ ಇರುವುದಿಲ್ಲ. ನಮ್ಮಲ್ಲಿ ಮಾರಾಟವಾಗುವ ಟೈಮ್‌ಶೇರ್‌ಗಳಲ್ಲಿ ಬಹುಪಾಲು, ನಿಗದಿತ ಅವಧಿಯವರೆಗೆ ವರ್ಷಕ್ಕೆ ಕೆಲವು ದಿನ ಕೋಣೆಯನ್ನು ಬಳಸುವ ಸದಸ್ಯತ್ವವೇ ಹೊರತು ಜಾಗದ ಒಡೆತನವಲ್ಲ. ಸದಸ್ಯತ್ವ ಈಗ ಯಾರ ಹೆಸರಿನಲ್ಲಿದೆ, ಎಷ್ಟು ಬಾಕಿ ಉಳಿದಿದೆ ಎಂಬುದು ಖಚಿತವಾಗಿ ತಿಳಿಯುವುದು ಸದಸ್ಯತ್ವ ಕೊಟ್ಟ ರೆಸಾರ್ಟ್ ಕಂಪನಿಯ ದಾಖಲೆಯಿಂದ ಮಾತ್ರ. ಆದ್ದರಿಂದ ಬ್ರೋಕರನ್ನು ಆರಿಸುವಾಗ ನಾನು ಎಲ್ಲಕ್ಕಿಂತ ಮುಖ್ಯವೆಂದು ಭಾವಿಸುವ ಪ್ರಶ್ನೆ ಒಂದೇ: ಹಣ ಕೊಡುವ ಮೊದಲು, ಸದಸ್ಯತ್ವವನ್ನು ಮಾರುವವರೊಂದಿಗೂ ಕಂಪನಿಯೊಂದಿಗೂ ನಾವು ನೇರವಾಗಿ ಮಾತನಾಡಲು ಇವರು ಬಿಡುತ್ತಾರೆಯೇ?

ನಮ್ಮ ಊರಿನ ಬ್ರೋಕರ್‌ಗಳಲ್ಲಿ ಹೆಚ್ಚಿನವರು ಪಳಗಿರುವುದು ಮನೆ, ನಿವೇಶನ, ಜಮೀನಿನ ವ್ಯವಹಾರದಲ್ಲಿ. ಅವರಲ್ಲೊಬ್ಬರು ಪರಿಚಯದವರು, ನಂಟರ ಮನೆಯ ವ್ಯವಹಾರ ಮಾಡಿಸಿಕೊಟ್ಟವರು ಎಂಬ ಕಾರಣಕ್ಕೆ ಟೈಮ್‌ಶೇರನ್ನೂ ಅವರ ಕೈಗೆ ಒಪ್ಪಿಸುವುದು ಸರಿಯಲ್ಲ. ಪ್ರಾಮಾಣಿಕತೆ ಇದ್ದರೂ ತಿಳಿವಳಿಕೆ ಇಲ್ಲದಿದ್ದರೆ ನಷ್ಟವಾಗುವುದು ಕೊಳ್ಳುವವರಿಗೆ. ರೇರಾ (ರಿಯಲ್ ಎಸ್ಟೇಟ್ ನಿಯಂತ್ರಣ ಪ್ರಾಧಿಕಾರ) ನೋಂದಣಿ ಪತ್ರವನ್ನು ತೋರಿಸಿದರೂ ಅದು ನಿವೇಶನ ಮತ್ತು ಕಟ್ಟಡಗಳ ವ್ಯವಹಾರಕ್ಕೆ ಸಂಬಂಧಿಸಿದ್ದು. ಸದಸ್ಯತ್ವದ ವರ್ಗಾವಣೆ ಅವರಿಗೆ ಗೊತ್ತಿದೆ ಎಂಬುದಕ್ಕೆ ಅದು ಸಾಕ್ಷಿಯಾಗುವುದಿಲ್ಲ. ಅದರ ಬದಲು, ಅವರ ಮೂಲಕ ಸದಸ್ಯತ್ವ ಪಡೆದ ಒಬ್ಬಿಬ್ಬರನ್ನು ಪರಿಚಯಿಸುವಂತೆ ಕೇಳಿ. ಅಂಥವರಿಂದ ತಿಳಿಯಬೇಕಾದದ್ದು ಬ್ರೋಕರ್ ಒಳ್ಳೆಯವರೇ ಎಂಬುದಲ್ಲ. ಸದಸ್ಯತ್ವ ಹೆಸರಿಗೆ ಬರಲು ಎಷ್ಟು ತಿಂಗಳು ಹಿಡಿಯಿತು, ಮೊದಲೇ ಹೇಳದ ಶುಲ್ಕ ಬಂತೇ, ಮಕ್ಕಳ ರಜೆಯಲ್ಲಿ ಕೋಣೆ ಸಿಕ್ಕಿತೇ ಎಂಬುದು.

ಮೊದಲ ಭೇಟಿಯಲ್ಲಿಯೇ ಬ್ರೋಕರ್‌ಗೆ ಎಷ್ಟು ಗೊತ್ತಿದೆ ಎಂಬುದನ್ನು ಅಳೆಯಬಹುದು. ಸದಸ್ಯತ್ವದ ಅವಧಿ ಎಂದು ಮುಗಿಯುತ್ತದೆ ಎಂದು ಕೇಳಿ. 2010ರಲ್ಲಿ ಪಡೆದ 25 ವರ್ಷಗಳ ಸದಸ್ಯತ್ವವು 2035ಕ್ಕೆ ಮುಗಿಯುತ್ತದೆ. ನೀವು ಕೊಳ್ಳುತ್ತಿರುವುದು ಉಳಿದ ವರ್ಷಗಳನ್ನು ಮಾತ್ರ. ಅನಂತರ ಯಾವ ಋತುವಿನದು, ಯಾವ ಗಾತ್ರದ ಕೋಣೆಯದು ಎಂದು ಕೇಳಿ. ಉದಾಹರಣೆಗೆ ಕ್ಲಬ್ ಮಹೀಂದ್ರಾದಲ್ಲಿ ಋತುಗಳನ್ನು ನೇರಳೆ, ಕೆಂಪು, ಬಿಳಿ, ನೀಲಿ ಎಂದು ವಿಂಗಡಿಸಲಾಗಿದೆ. ಅತಿ ಬೇಡಿಕೆಯ ದಿನಗಳು ನೇರಳೆಯವು, ಬೇಡಿಕೆ ಕಡಿಮೆ ಇರುವವು ನೀಲಿಯವು. ಬೇಸಿಗೆ ರಜೆ, ದಸರಾ ರಜೆ ಬಿಟ್ಟರೆ ಊರು ಬಿಟ್ಟು ಹೋಗಲಾಗದ ಕುಟುಂಬಕ್ಕೆ ನೀಲಿ ಸದಸ್ಯತ್ವ ಎಷ್ಟೇ ಅಗ್ಗವಾದರೂ ದುಬಾರಿಯೇ. ನಿಮ್ಮ ಮನೆಯವರು ಯಾವ ತಿಂಗಳಲ್ಲಿ ಪ್ರವಾಸ ಹೋಗುತ್ತೀರಿ ಎಂದು ತಾವಾಗಿ ಕೇಳಿ, ಇದು ನಿಮಗೆ ಹೊಂದುವುದಿಲ್ಲ ಎಂದು ಹೇಳಬಲ್ಲ ಬ್ರೋಕರ್ ಸಿಕ್ಕರೆ ಅಂಥವರನ್ನು ಬಿಡಬೇಡಿ. ಬಳಸದೆ ಉಳಿದ ದಿನಗಳು, ಆರ್‌ಸಿಐನಂತಹ ಸಂಸ್ಥೆಗಳ ಮೂಲಕ ಬೇರೆ ರೆಸಾರ್ಟ್‌ಗೆ ಬದಲಾಯಿಸಿಕೊಳ್ಳುವ ಹಕ್ಕು, ಇವು ಹೊಸ ಸದಸ್ಯರಿಗೂ ದಾಟುತ್ತವೆಯೇ ಎಂಬುದಕ್ಕೆ ಬಾಯಿಮಾತಿನ ಉತ್ತರ ಸಾಲದು. ಒಪ್ಪಂದದ ಯಾವ ಷರತ್ತಿನಲ್ಲಿದೆ ಎಂದು ಬೆರಳಿಟ್ಟು ತೋರಿಸಬೇಕು.

ಬ್ರೋಕರ್ ಹೇಳುವ ಬೆಲೆ ಪೂರ್ತಿ ಬೆಲೆಯಲ್ಲ. ಹತ್ತು ವರ್ಷ ಉಳಿದಿರುವ ಒಂದು ಸದಸ್ಯತ್ವಕ್ಕೆ 1,50,000 ರೂಪಾಯಿ, ವರ್ಗಾವಣೆ ಶುಲ್ಕ 20,000, ವಾರ್ಷಿಕ ನಿರ್ವಹಣಾ ಶುಲ್ಕ 18,000 ಎಂದು ಭಾವಿಸೋಣ. ಹತ್ತು ವರ್ಷಗಳ ನಿರ್ವಹಣಾ ಶುಲ್ಕ 1,80,000 ಸೇರಿ ಒಟ್ಟು 3,50,000 ಆಗುತ್ತದೆ. ವರ್ಷಕ್ಕೆ ಏಳು ರಾತ್ರಿಯಂತೆ 70 ರಾತ್ರಿಗಳಿಗೆ ಹಂಚಿದರೆ ರಾತ್ರಿಯೊಂದಕ್ಕೆ 5,000 ರೂಪಾಯಿ ಬೀಳುತ್ತದೆ. ಊಟ, ಪ್ರಯಾಣ, ಬ್ರೋಕರ್ ಕಮಿಷನ್ ಇದರಲ್ಲಿಲ್ಲ, ನಿರ್ವಹಣಾ ಶುಲ್ಕ ಏರುವ ಸಂಭವವೂ ಇದೆ. ಇದೇ ಲೆಕ್ಕವನ್ನು ನಿಮ್ಮ ಎದುರು ಕಾಗದದ ಮೇಲೆ ಬರೆದು ತೋರಿಸಲು ಬ್ರೋಕರ್ ಸಿದ್ಧರಿರಬೇಕು. ವಾರ್ಷಿಕ ಶುಲ್ಕದ ಮಾತು ಬಂದಾಗಲೆಲ್ಲ ಕೊಡಗಿನ ಮಂಜು, ಊಟಿಯ ತಂಪಿನ ಕಡೆಗೆ ಮಾತು ತಿರುಗಿಸುವವರಿಂದಲೂ, ನಾಳೆ ದುಪ್ಪಟ್ಟು ಬೆಲೆಗೆ ಮಾರಬಹುದು ಎನ್ನುವವರಿಂದಲೂ ದೂರವಿರುವುದು ಒಳಿತು. ವರ್ಷ ಕಳೆದಂತೆ ಉಳಿದ ಅವಧಿ ಕರಗುವ ಸದಸ್ಯತ್ವವನ್ನು ಹೂಡಿಕೆ ಎಂದು ಕರೆಯುವುದು ಜನರ ದಾರಿತಪ್ಪಿಸುವ ಮಾತು.

ಇನ್ನು ಕಂಪನಿಯೊಂದಿಗಿನ ಮಾತುಕತೆ. ಸದಸ್ಯರಲ್ಲದವರಿಗೆ ಕಂಪನಿಗಳು ಸಾಮಾನ್ಯವಾಗಿ ವಿವರ ಕೊಡುವುದಿಲ್ಲವಾದ್ದರಿಂದ, ಮಾರುವವರು ಜೊತೆಯಲ್ಲಿದ್ದಾಗಲೇ ಕರೆ ಮಾಡಬೇಕು ಅಥವಾ ಅವರ ನೋಂದಾಯಿತ ಇಮೇಲ್‌ನಿಂದ ಬಾಕಿ ಮತ್ತು ವರ್ಗಾವಣೆಯ ನಿಯಮಗಳ ಬಗ್ಗೆ ಲಿಖಿತ ಉತ್ತರ ತರಿಸಬೇಕು. ಕರೆಯ ಸಂಖ್ಯೆಯನ್ನು ಬ್ರೋಕರ್ ಕೊಟ್ಟ ಚೀಟಿಯಿಂದಲ್ಲ, ಕಂಪನಿಯ ಜಾಲತಾಣದಿಂದ ತೆಗೆದುಕೊಳ್ಳಿ. ಮೂಲ ಸದಸ್ಯರು ತೀರಿಕೊಂಡಿದ್ದರೆ, ವಾರಸುದಾರರ ಹೆಸರಿಗೆ ಸದಸ್ಯತ್ವ ಬಂದಿದೆಯೇ ಎಂಬುದನ್ನು ಮೊದಲು ಖಚಿತಪಡಿಸಿಕೊಳ್ಳಿ. ಮಾರುವವರ ಹೆಸರನ್ನು ಹೇಳಿದರೆ ತನ್ನ ಕಮಿಷನ್ ತಪ್ಪೀತು ಎಂಬ ಭಯ ಬ್ರೋಕರ್‌ಗೆ ಇರುವುದು ಸಹಜ. ಅದನ್ನು ನೀಗಿಸುವ ದಾರಿಯೆಂದರೆ ಕಮಿಷನ್ ಎಷ್ಟು, ಯಾರು ಕೊಡಬೇಕು, ಇನ್ನೊಂದು ಕಡೆಯಿಂದಲೂ ಅವರು ಪಡೆಯುತ್ತಿದ್ದಾರೆಯೇ ಎಂಬುದನ್ನು ಮೊದಲೇ ಬರೆದು ಇಬ್ಬರೂ ಸಹಿ ಮಾಡುವುದು. ಅಷ್ಟಾದ ಮೇಲೂ ಮಾರುವವರನ್ನು ಮುಚ್ಚಿಡುವವರೊಂದಿಗೆ ವ್ಯವಹಾರ ಬೇಡ.

ಹಣವನ್ನು ಬ್ರೋಕರ್ ಖಾತೆಗೆ ಹಾಕದೆ, ಮಾರುವವರ ಬ್ಯಾಂಕ್ ಖಾತೆಗೇ ನೇರವಾಗಿ ಕಳುಹಿಸಬೇಕು. ರಸೀದಿ ಪಡೆದು ಸಣ್ಣ ಮುಂಗಡ ಕೊಟ್ಟು, ಉಳಿದ ಮೊತ್ತವನ್ನೂ ಕಮಿಷನ್ನನ್ನೂ ಕಂಪನಿಯು ವರ್ಗಾವಣೆಯನ್ನು ಲಿಖಿತವಾಗಿ ದೃಢಪಡಿಸಿದ ಮೇಲೆ ಕೊಡುವುದೆಂದು ಒಪ್ಪಂದದಲ್ಲಿ ಬರೆಸಿ. ಕಮಿಷನ್ ಬಿಲ್ಲಿನಲ್ಲಿ ಜಿಎಸ್‌ಟಿ ಸೇರಿದ್ದರೆ 15 ಅಕ್ಷರಾಂಕಿಗಳ ನೋಂದಣಿ ಸಂಖ್ಯೆ ಇರಲೇಬೇಕು; ಕರ್ನಾಟಕದ ಸಂಖ್ಯೆಗಳು 29ರಿಂದ ಆರಂಭವಾಗುತ್ತವೆ, ಜಿಎಸ್‌ಟಿ ಜಾಲತಾಣದಲ್ಲಿ ಅದನ್ನು ಯಾರು ಬೇಕಾದರೂ ಪರಿಶೀಲಿಸಬಹುದು.

ಎಲ್ಲ ಎಚ್ಚರಿಕೆಯ ನಂತರವೂ ಮೋಸವಾದರೆ ಬೆಂಗಳೂರಿಗೆ ಅಲೆಯಬೇಕಾಗಿಲ್ಲ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ದೂರುದಾರರು ತಾವು ವಾಸಿಸುವ ಜಿಲ್ಲೆಯ ಗ್ರಾಹಕ ಆಯೋಗದಲ್ಲಿಯೇ, ಎಂದರೆ ತುಮಕೂರಿನಲ್ಲಿಯೇ, ದೂರು ಸಲ್ಲಿಸಬಹುದು. ಕೊಟ್ಟ ಮೊತ್ತ ಐದು ಲಕ್ಷ ರೂಪಾಯಿಯೊಳಗಿದ್ದರೆ ಶುಲ್ಕವಿಲ್ಲ. ವ್ಯಾಜ್ಯಕ್ಕೆ ಕಾರಣ ಹುಟ್ಟಿದ ಎರಡು ವರ್ಷಗಳೊಳಗೆ ಸಲ್ಲಿಸಬೇಕು. ಸಲಹೆಗೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915 ಇದೆ. ಆನ್‌ಲೈನ್‌ನಲ್ಲಿ ಹಣ ಕಳುಹಿಸಿದ ಮೇಲೆ ಬ್ರೋಕರ್ ಫೋನ್ ಸ್ವಿಚ್ ಆಫ್ ಮಾಡಿಕೊಂಡು ಕಣ್ಮರೆಯಾದರೆ ಮಾತ್ರ ಒಂದು ಗಂಟೆಯೂ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ. ಹಣ ಮುಂದಿನ ಖಾತೆಗೆ ದಾಟುವ ಮೊದಲು ತಡೆಹಿಡಿಯುವ ಅವಕಾಶ ಆಗಷ್ಟೇ ಉಳಿದಿರುತ್ತದೆ.