ಸಿಟ್ಟು ಬಂತೋ, ಮಾಡಿಕೊಂಡೆವೋ? ಹೋಮರ್ ಪಕ್ಕದಲ್ಲಿಟ್ಟು ಫಿಲಾಸಫಿ ಓದಿದ ನನ್ನ ಅನುಭವ

ನನ್ನದು ಆಡಿಟ್ ಕೆಲಸ. ಪುಸ್ತಕದಲ್ಲಿ ಬರೆದ ಖರ್ಚಿಗೆ ವೋಚರ್ ಇದೆಯಾ ಅಂತ ತಾಳೆ ನೋಡುವುದು. ಫಿಲಾಸಫಿಯನ್ನು ಕಾಲೇಜಿನಲ್ಲಿ ಓದಿದವನಲ್ಲ, ಗ್ರೀಕ್ ಬರುವುದೂ ಇಲ್ಲ. ಆದರೂ ಇಂಗ್ಲೆಂಡಿನ ಫಿಲಾಸಫರ್ ಬರ್ನಾರ್ಡ್ ವಿಲಿಯಮ್ಸ್ ಅವರ ‘ಶೇಮ್ ಅಂಡ್ ನೆಸೆಸಿಟಿ’ ತಂದಿಟ್ಟುಕೊಂಡೆ. ಹೋಮರ್‌ನಂಥ ಹಳೇ ಗ್ರೀಕ್ ಕವಿಗಳಲ್ಲಿ ಅವಮಾನ, ಹೊಣೆ ಅಂದರೆ ಏನಿತ್ತು ಅಂತ ನೋಡುವ ಪುಸ್ತಕ. 1989ರಲ್ಲಿ ಬರ್ಕ್ಲಿಯಲ್ಲಿ ಕೊಟ್ಟ ಉಪನ್ಯಾಸಗಳು, 1993ರಲ್ಲಿ ಪುಸ್ತಕವಾಗಿ ಬಂದವು. ದಪ್ಪ ಪುಸ್ತಕವೇನಲ್ಲ, ಬೇಗ ಮುಗಿಸಬಹುದು ಅಂದುಕೊಂಡಿದ್ದೆ. ಎರಡು ಸಲ ಎರಡನೇ ಅಧ್ಯಾಯಕ್ಕೇ ನಿಂತೆ.

ನಿಂತಿದ್ದು ಯಾಕೆ ಅಂದರೆ, ಅಲ್ಲಿ ನಡೆಯುತ್ತಿದ್ದದ್ದು ಜಗಳ. ನನಗೆ ಕೇಳಿಸುತ್ತಿದ್ದದ್ದು ಒಬ್ಬರ ಮಾತು ಮಾತ್ರ. ಇನ್ನೊಬ್ಬರು ಜರ್ಮನಿಯ ಗ್ರೀಕ್ ವಿದ್ವಾಂಸ ಬ್ರೂನೋ ಸ್ನೆಲ್. ಅವರ ಪುಸ್ತಕ 1946ರದ್ದು. ಇಲಿಯಡ್, ಒಡಿಸ್ಸಿ ಕಾವ್ಯಗಳ ಕವಿ ಹೋಮರ್‌ನಲ್ಲಿ ‘ಸೋಮ’ ಎಂಬ ಗ್ರೀಕ್ ಪದ ಹೆಣಕ್ಕೆ ಮಾತ್ರ ಬಳಕೆಯಾಗುತ್ತದೆ, ಬದುಕಿರುವ ಇಡೀ ದೇಹಕ್ಕೆ ಪದವೇ ಇಲ್ಲ, ಮನಸ್ಸಿಗೂ ಹಾಗೆಯೇ, ಆವೇಶಕ್ಕೆ ಥೂಮೊಸ್, ತಿಳಿವಿಗೆ ನೋಓಸ್ ಅಂತ ಚೂರುಚೂರು ಪದಗಳಿವೆ ಎಂದು ಸ್ನೆಲ್ ಹೇಳುತ್ತಾರೆ. ಅದರಿಂದ ಅವರು ತಲುಪುವ ತೀರ್ಮಾನ ದೊಡ್ಡದು: ಆ ಜನಕ್ಕೆ ‘ನಾನು’ ಎಂಬ ಒಂದು ಇಡೀ ವ್ಯಕ್ತಿಯ ಅರಿವು ಇನ್ನೂ ಬಂದಿರಲಿಲ್ಲ, ತಾನೇ ನಿರ್ಧಾರ ಮಾಡುವುದೂ ಗೊತ್ತಿರಲಿಲ್ಲ. ಪದ ಇಲ್ಲದಿದ್ದರೆ ವಸ್ತುವೇ ಇರಲಿಲ್ಲ ಅನ್ನುವುದು ಹೇಗೆ ಅನ್ನುವುದು ವಿಲಿಯಮ್ಸ್ ಅವರ ತಕರಾರು.

ಇಬ್ಬರೂ ದೊಡ್ಡವರು. ನಾನು ಯಾರನ್ನು ನಂಬಲಿ? ಕೊನೆಗೆ ಗೊತ್ತಿದ್ದ ಕೆಲಸಕ್ಕೇ ಕೈ ಹಾಕಿದೆ, ವೋಚರ್ ಕೇಳಿದೆ.

ಒಂದು ನೂರು ಪುಟದ ನೋಟ್‌ಬುಕ್ ತಂದೆ. ಬಲಗಡೆ ಪುಟದಲ್ಲಿ ವಿದ್ವಾಂಸರು ಹೇಳುವ ಮಾತು. ಎಡಗಡೆ ಅವರು ತೋರಿಸುವ ಹೋಮರ್‌ನ ಸಾಲು, ಸುತ್ತಲಿನ ಇಪ್ಪತ್ತು ಸಾಲುಗಳ ಸಮೇತ. ಮೊದಲ ವಾರ ಪೂರ್ತಿ ದಂಡ. ಈ ಪುಸ್ತಕಗಳಲ್ಲಿ 19.86 ಅಂದರೆ ಹತ್ತೊಂಬತ್ತನೇ ಸರ್ಗದ 86ನೇ ಸಾಲು, ಅದೂ ಗ್ರೀಕ್ ಮೂಲದ ಸಾಲು. ನನ್ನ ಬಳಿ ಇದ್ದದ್ದು ಗದ್ಯ ಅನುವಾದ, ಹುಡುಕಿ ಹುಡುಕಿ ಸಾಕಾಯಿತು. ಆಮೇಲೆ ರಿಚ್ಮಂಡ್ ಲ್ಯಾಟಿಮೋರ್ ಅವರ 1951ರ ಇಲಿಯಡ್ ಹಿಡಿದೆ. ಸಾಲಿನ ಎಣಿಕೆ ಮೂಲಕ್ಕೆ ಹತ್ತಿರದಲ್ಲೇ ಇದೆ. ಗ್ರೀಕ್ ಅಕ್ಷರಮಾಲೆಯನ್ನೂ ಕಲಿತೆ, ನಿಘಂಟಿನಲ್ಲಿ ಒಂದು ಪದ ಹುಡುಕುವಷ್ಟು, ಅಷ್ಟೇ.

ಆ 19.86 ಟ್ರಾಯ್ ಯುದ್ಧದಲ್ಲಿ ಗ್ರೀಕರ ದಂಡನಾಯಕನಾದ ಅಗಮೆಮ್ನಾನ್ ಹೇಳುವ ಮಾತು. ತನ್ನದೇ ಕಡೆಯ ವೀರ ಅಕಿಲೀಸನ ಪಾಲಿನ ಹೆಣ್ಣನ್ನು ಕಿತ್ತುಕೊಂಡದ್ದಕ್ಕೆ ತಾನು ಕಾರಣನಲ್ಲ, ದೇವರಾಜ ಜ್ಯೂಸ್, ವಿಧಿ, ಸೇಡಿನ ದೇವತೆ ಎರಿನಿಸ್ ಸೇರಿ ತನ್ನ ಬುದ್ಧಿ ಕೆಡಿಸಿದರು ಅನ್ನುತ್ತಾನೆ. ಇ. ಆರ್. ಡಾಡ್ಸ್ ಅವರ 1951ರ ‘ದಿ ಗ್ರೀಕ್ಸ್ ಅಂಡ್ ದಿ ಇರ‍್ರ್ಯಾಷನಲ್’ ಪುಸ್ತಕದ ಮೊದಲ ಅಧ್ಯಾಯವೇ ಈ ಮಾತಿನ ಚರ್ಚೆ. ಒಳ್ಳೆ ನೆಪ ಅಲ್ವಾ ಅಂತ ನಕ್ಕೆ. ಆದರೆ 137ನೇ ಸಾಲಿನವರೆಗೆ ಓದಿ ನೋಡಿ. ಬುದ್ಧಿ ಕೆಡಿಸಿದ್ದು ಜ್ಯೂಸ್, ಆದ್ದರಿಂದ ತಪ್ಪುಕಾಣಿಕೆ ನಾನು ಕೊಡುತ್ತೇನೆ ಅನ್ನುತ್ತಾನೆ. ಒಂಬತ್ತನೇ ಸರ್ಗದಲ್ಲಿ ಒಪ್ಪಿದ್ದ ಏಳು ಮುಕ್ಕಾಲಿ, ಇಪ್ಪತ್ತು ಕೊಪ್ಪರಿಗೆ, ಹನ್ನೆರಡು ಕುದುರೆ, ಹತ್ತು ಟ್ಯಾಲೆಂಟ್ (ಹಳೇ ಗ್ರೀಕ್ ತೂಕ) ಚಿನ್ನ, ಎಲ್ಲವನ್ನೂ 243ನೇ ಸಾಲಿನಿಂದ ಹೊರಗೆ ತಂದು ಇಡುತ್ತಾರೆ. ಹಳೇ ಚಾಳಿ, ಎಣಿಸಿ ನೋಡಿದೆ. ಲೆಕ್ಕ ಸರಿಯಾಗಿದೆ.

ಕಾರಣ ದೇವರು ಅಂದರೂ ದಂಡ ತಾನೇ ಕಟ್ಟುವ ಈ ರೀತಿ ನನಗೆ ನಿಜವಾಗಿ ಅರ್ಥವಾದದ್ದು ಮಾತ್ರ ಮನೆಯಲ್ಲಿ. ಒಂದು ದಿನ ಅಪ್ಪ ಕೂಗಾಡಿ ತಣ್ಣಗಾದ ಮೇಲೆ, “ನಂಗೆ ಸಿಟ್ಟು ಬಂತು, ಏನ್ ಮಾಡ್ಲಿ?” ಅಂದರು. ಅಡುಗೆಮನೆಯಿಂದ ಅಮ್ಮ, “ನಿಮ್ಮಪ್ಪ ಸುಮ್‌ಸುಮ್ನೆ ಸಿಟ್ಟು ಮಾಡ್ಕೋತಾರೆ ಕಣೋ” ಅಂದರು. ಓಡಿಹೋಗಿ ನೋಟ್‌ಬುಕ್ ತೆಗೆದೆ! ನಮಗೆ ಸಿಟ್ಟು ಬರುತ್ತದೆ, ನಿದ್ದೆ ಬರುತ್ತದೆ, ನೆನಪಾಗುತ್ತದೆ. ಎಲ್ಲವೂ ಎಲ್ಲಿಂದಲೋ ನಮ್ಮ ಹತ್ತಿರ ಬರುವಂಥವು. ಸ್ನೆಲ್ ಥರ ಯಾರಾದರೂ ಕನ್ನಡ ವ್ಯಾಕರಣ ಹಿಡಿದು ಕೂತರೆ, ಈ ಜನಕ್ಕೆ ‘ನಾನು’ ಅನ್ನುವುದೇ ಗೊತ್ತಿಲ್ಲ ಅಂದುಬಿಡಬಹುದು. ಆದರೆ ಅದೇ ಭಾಷೆಯಲ್ಲಿ ಸಿಟ್ಟು ‘ಮಾಡಿಕೊಳ್ಳುವುದೂ’ ಇದೆ. ತನ್ನದಾದರೆ ಬಂತು, ಇನ್ನೊಬ್ಬರದಾದರೆ ಮಾಡಿಕೊಂಡರು. ಅವತ್ತು ಸಂಜೆ ಅಪ್ಪ ಮೈಸೂರುಪಾಕು ತಂದರು. ಅಗಮೆಮ್ನಾನನ ಕೊಪ್ಪರಿಗೆಗಳಿಗೆ ಸಮ.

ಅಲ್ಲಿಂದ ವಿಲಿಯಮ್ಸ್ ಸಲೀಸಾದರು. ಒಡಿಸ್ಸಿಯ 22ನೇ ಸರ್ಗದಲ್ಲಿ ಆಯುಧದ ಕೋಣೆಯ ಬಾಗಿಲು ಸರಿಯಾಗಿ ಹಾಕದೆ ಬಂದ ಟೆಲಿಮಾಕಸ್, ನಾಯಕ ಒಡಿಸ್ಯೂಸ್‌ನ ಮಗ, ತಪ್ಪು ನನ್ನದೇ, ಬೇರೆ ಯಾರದ್ದೂ ಅಲ್ಲ ಅನ್ನುತ್ತಾನೆ. ಬೇಕೂಂತ ಮಾಡಿದ್ದಲ್ಲ, ಆದರೂ ತನ್ನದು. ಅವಮಾನದ ಬಗ್ಗೆ ಬರೆಯುವಾಗ ವಿಲಿಯಮ್ಸ್ ಗ್ರೀಕ್ ನಾಟಕಕಾರ ಸೊಫೋಕ್ಲಿಸ್‌ನ ‘ಏಜಾಕ್ಸ್’ ನಾಟಕಕ್ಕೆ ಹೋಗುತ್ತಾರೆ. ಅಲ್ಲಿ ನಮಗೊಂದು ಅನುಕೂಲ ಇದೆ. ಅದೇ ನಾಟಕವನ್ನು ಬಿ.ಎಂ.ಶ್ರೀ ‘ಅಶ್ವತ್ಥಾಮನ್’ ಮಾಡಿದ್ದಾರಲ್ಲ, ಅದನ್ನು ಮೊದಲು ಓದಿಕೊಂಡೆ.

ಫ್ರೆಂಚ್ ಚಿಂತಕಿ ಸೀಮೋನ್ ವೇ ಅವರ ಇಲಿಯಡ್ ಪ್ರಬಂಧವನ್ನೂ ಹೀಗೇ ತಾಳೆ ನೋಡಿದೆ. ಫ್ರಾನ್ಸ್ ಸೋತ ವರ್ಷ, 1940ರ ಕೊನೆಯಲ್ಲಿ, ಬೇರೆ ಹೆಸರಿನಲ್ಲಿ ಪ್ರಕಟಿಸಿದ್ದು. ಕಾವ್ಯದ ನಾಯಕ ಯಾವ ಮನುಷ್ಯನೂ ಅಲ್ಲ, ಬಲಪ್ರಯೋಗ. ಅದು ಮನುಷ್ಯನನ್ನು ವಸ್ತುವಾಗಿಸುತ್ತದೆ ಅನ್ನುತ್ತಾರೆ. ಎದೆಗೆ ನಾಟುವ ಬರಹ. ಆದರೆ ಆಡಿಟ್ ಬುದ್ಧಿ, ತಾಳೆಯಾಗದ ಸಾಲು ಇದೆಯಾ ಅಂತ ಹುಡುಕಿದೆ. 23ನೇ ಸರ್ಗದಲ್ಲಿ ಸಿಕ್ಕಿತು. ಅಕಿಲೀಸನ ಗೆಳೆಯ ಪೆಟ್ರೋಕ್ಲಸ್‌ನ ಉತ್ತರಕ್ರಿಯೆಯ ಓಟದ ಪಂದ್ಯ. ನಾಟಕದವನಲ್ಲ, ಇನ್ನೊಬ್ಬ ಏಜಾಕ್ಸ್, ಒಯಿಲಿಯಸ್‌ನ ಮಗ, ಗೆಲ್ಲುವ ಹೊತ್ತಿಗೆ ಜಾರಿ ಸಗಣಿಯಲ್ಲಿ ಮುಖ ಅಡಿಯಾಗಿ ಬೀಳುತ್ತಾನೆ. ಸಗಣಿ ಉಗುಳುತ್ತಾ, ದೇವಿ ನನ್ನ ಕಾಲು ತಪ್ಪಿಸಿದಳು ಅನ್ನುತ್ತಾನೆ. ಎಲ್ಲರೂ ಬಿದ್ದು ಬಿದ್ದು ನಗುತ್ತಾರೆ.

ತಮಾಷೆ ಏನು ಗೊತ್ತಾ, ಕಥೆಯಲ್ಲಿ ಆ ದೇವಿ, ಅಥೀನಾ, ನಿಜವಾಗಿಯೂ ಕಾಲು ತಪ್ಪಿಸಿದ್ದಳು. ಅಗಮೆಮ್ನಾನ್ ದೇವರ ಹೆಸರು ಹೇಳಿದಾಗ ಸಭೆಯಲ್ಲಿ ಯಾರೂ ನಗಲಿಲ್ಲ, ಇವನು ಹೇಳಿದರೆ ನಗು. ಅವನು ಕಾಣಿಕೆ ಕೊಟ್ಟ, ಇವನಿಗೆ ಎರಡನೇ ಬಹುಮಾನದ ಎತ್ತು ಸಿಕ್ಕಿತು, ಅದಕ್ಕೇ ಇರಬಹುದಾ? ಎಡಗಡೆ ಸಾಲು ಬರೆದಿದ್ದೇನೆ, 23.782. ಬಲಗಡೆ ಯಾರ ಮಾತು ಬರೆಯಬೇಕೋ ಹೊಳೆದಿಲ್ಲ.